ಸೈಡ್‌ಲೈನಿನಲ್ಲಿ ನಿಂತು ಸ್ಪಾಟ್ ಕೊಡುವ ಕೆಲಸ

ಅಮೆರಿಕದ ಹೈಸ್ಕೂಲ್ ಫುಟ್‌ಬಾಲಿನಲ್ಲಿ ಶುಕ್ರವಾರ ಸಂಜೆಯ ಒಂದು ಪಂದ್ಯ ಮುಗಿಯುವಷ್ಟರಲ್ಲಿ ನೂರರ ಆಸುಪಾಸು ಸಲ ಆಟ ನಿಲ್ಲುತ್ತದೆ. ಅಷ್ಟೂ ಸಲ ಚೆಂಡನ್ನು ಮತ್ತೆ ನೆಲದ ಮೇಲೆ ಇಡಬೇಕು. ಎಲ್ಲಿ ಇಡಬೇಕೆಂದು ತೋರಿಸುವ, ಎಂದರೆ ಸ್ಪಾಟ್ ಕೊಡುವ, ಹೊಣೆ ಹೆಚ್ಚಿನ ಮಟ್ಟಿಗೆ ಎರಡು ಸೈಡ್‌ಲೈನ್‌ಗಳಲ್ಲಿ ನಿಲ್ಲುವ ನಮ್ಮದು. ಒಂದು ಬದಿಗೆ ಲೈನ್ಸ್‌ಮನ್, ಎದುರು ಬದಿಗೆ ಲೈನ್ ಜಡ್ಜ್. ಇಬ್ಬರಿಗೂ ಸೇರಿಸಿ ವಿಂಗ್ ಎನ್ನುವುದು ರೂಢಿ. ಫೌಲಿಗೆ ಹಳದಿ ಫ್ಲ್ಯಾಗ್ ಎಸೆಯುವುದು ಇಡೀ ಸಂಜೆಯಲ್ಲಿ ಕೆಲವೇ ಸಲ. ಸ್ಪಾಟ್ ಕೊಡುವುದು ಮಾತ್ರ ಹೆಚ್ಚುಕಡಿಮೆ ಪ್ರತಿ ಪ್ಲೇಗೂ, ಎಂದರೆ ಆಟ ಶುರುವಾಗಿ ನಿಲ್ಲುವ ಪ್ರತಿ ಸಲಕ್ಕೂ. ಪಕ್ಕದಲ್ಲೇ ನಿಂತಿರುವ ಕೋಚ್ ನಮ್ಮನ್ನು ಅಳೆಯುವುದೂ ಸ್ಪಾಟಿನಿಂದಲೇ. ಮೊದಲ ಕ್ವಾರ್ಟರಿನ ಸ್ಪಾಟುಗಳು ಸರಿಯಾಗಿ, ಎರಡೂ ತಂಡಗಳಿಗೆ ಒಂದೇ ಬಗೆಯಲ್ಲಿ ಬಂದಿದ್ದರೆ ನಾಲ್ಕನೇ ಕ್ವಾರ್ಟರಿನಲ್ಲಿ ತಮ್ಮ ವಿರುದ್ಧ ಹೋದ ಕಷ್ಟದ ತೀರ್ಪನ್ನು ಅವರು ಒಪ್ಪಿಕೊಳ್ಳುತ್ತಾರೆ. ಸ್ಪಾಟು ಹಾಳಾಗಿದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಪ್ರಯೋಜನವಿಲ್ಲ.

ಮಕ್ಕಳು ಈ ಆಟ ಆಡುತ್ತಿರುವ ಕನ್ನಡದ ಮನೆಗಳಿಗೆ, ಮತ್ತು ತಮ್ಮ ರಾಜ್ಯದ ಸಂಘದಲ್ಲಿ ಹೆಸರು ನೋಂದಾಯಿಸಿ ಪಟ್ಟೆ ಅಂಗಿ ತೊಡಲು ಹೊರಟವರಿಗೆ ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಇಲ್ಲಿ ಹೇಳುವುದು ಐವರು ಅಧಿಕಾರಿಗಳಿರುವ ಹೈಸ್ಕೂಲ್ ಕ್ರೂ ಬಗ್ಗೆ: ಬಿಳಿ ಟೋಪಿಯ ರೆಫರಿ, ಅಂಪೈರ್, ಇಬ್ಬರು ವಿಂಗ್, ಒಬ್ಬ ಬ್ಯಾಕ್ ಜಡ್ಜ್. ಕಾಲೇಜಿನಲ್ಲಿ ಏಳೆಂಟು ಮಂದಿ ಇರುತ್ತಾರೆ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಏಳು. ಕೆಲಸದ ತಿರುಳು ಎಲ್ಲ ಕಡೆಯೂ ಒಂದೇ.

ಮೈದಾನ ಗೋಲ್ ಲೈನಿನಿಂದ ಗೋಲ್ ಲೈನಿಗೆ 100 ಗಜ, ಅಗಲ 160 ಅಡಿ. ಐದೈದು ಗಜಕ್ಕೊಂದು ಅಡ್ಡಗೆರೆ. ಹೈಸ್ಕೂಲಿನಲ್ಲಿ ಹ್ಯಾಶ್ ಎಂಬ ಚಿಕ್ಕ ಗುರುತುಗಳ ಎರಡು ಸಾಲು ಅಗಲವನ್ನು ಸರಿಯಾಗಿ ಮೂರು ಪಾಲು ಮಾಡುತ್ತವೆ, ಎಂದರೆ ಸೈಡ್‌ಲೈನಿನಿಂದ 53 ಅಡಿ 4 ಇಂಚು ಒಳಗೆ. ದೂರದ ಹ್ಯಾಶಿನ ಹತ್ತಿರ ಚೆಂಡು ನಿಂತರೆ ವಿಂಗಿನಿಂದ ಅದು ನೂರಡಿಗೂ ಆಚೆ. ಅಷ್ಟು ದೂರದಿಂದ ನೋಡುವಾಗ ಚೆಂಡಿನ ನೇರಕ್ಕೆ ನಿಲ್ಲದೆ ಎರಡು ಮೂರು ಗಜ ಹಿಂದೆ ನಿಂತಿದ್ದರೆ ಕಣ್ಣು ಮೋಸ ಹೋಗುತ್ತದೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರನ್‌ಔಟ್ ಆಗುವಂತಿದ್ದರೆ ಅಂಪೈರ್ ಕ್ರೀಸಿನ ನೇರಕ್ಕೆ ಓಡಿ ನಿಲ್ಲುವುದು ಇದೇ ಕಾರಣಕ್ಕೆ. ವ್ಯತ್ಯಾಸ ಏನೆಂದರೆ ಇಲ್ಲಿ ಕ್ರೀಸ್ ಎಲ್ಲಿದೆ ಎಂಬುದು ಪ್ಲೇ ಮುಗಿಯುವ ತನಕ ಗೊತ್ತಿರುವುದಿಲ್ಲ.

ಸ್ನ್ಯಾಪ್ (ನೆಲದ ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುಮಾಡುವುದು) ಆಗುವ ಮುಂಚೆ ವಿಂಗ್ ಚೆಂಡಿನ ಗೆರೆಯ ಮೇಲೆ, ಸೈಡ್‌ಲೈನಿನ ಹತ್ತಿರ ನಿಂತಿರುತ್ತಾನೆ. ರನ್ ಪ್ಲೇ ತನ್ನ ಕಡೆಗೆ ಬಂದರೆ ಮೊದಲು ನೋಡಬೇಕಾದದ್ದು ಓಡುವವನ ಮುಂದಿನ ಬ್ಲಾಕ್‌ಗಳನ್ನು, ಎಂದರೆ ಅವನ ತಂಡದವರು ಎದುರಾಳಿಗಳನ್ನು ತಡೆಯುವುದನ್ನು. ಹೊಸಬರು ಚೆಂಡನ್ನೇ ನೋಡುತ್ತಾ ನಿಲ್ಲುತ್ತಾರೆ. ಆಗ ಹೋಲ್ಡಿಂಗ್ (ಎದುರಾಳಿಯನ್ನು ಕೈಯಿಂದ ಹಿಡಿದಿಡುವ ಫೌಲ್) ಕಣ್ಣಿಗೆ ತಪ್ಪಿಹೋಗುತ್ತದೆ, ಜೊತೆಗೆ ಓಡುವವನ ವೇಗಕ್ಕೆ ತಾವೂ ಸಿಕ್ಕಿಕೊಂಡು ಅವನಿಗಿಂತ ಮುಂದೆ ಓಡಿಬಿಡುತ್ತಾರೆ. ಒಂದೆರಡು ಗಜ ಹಿಂದೆ ಉಳಿದು ಸೈಡ್‌ಲೈನಿನ ಉದ್ದಕ್ಕೇ ಸಾಗಬೇಕು. ಟ್ಯಾಕಲ್ ಆಗುವ, ಎಂದರೆ ಎದುರಾಳಿ ಹಿಡಿದು ಕೆಡವುವ, ಕ್ಷಣಕ್ಕೆ ಕಣ್ಣು ಓಡುವವನ ಮೊಣಕಾಲು, ಮೊಣಕೈ, ಚೆಂಡು ಈ ಮೂರರ ಮೇಲಿರಬೇಕು. ಕೈ ಅಥವಾ ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಹೈಸ್ಕೂಲಿನಲ್ಲಿ ಅಲ್ಲಿಗೆ ಮುಗಿಯಿತು, ಎದುರಾಳಿ ಮುಟ್ಟಿರಲಿ ಬಿಡಲಿ. ಆ ಕ್ಷಣದಲ್ಲಿ ಚೆಂಡಿನ ಮುಂದಿನ ತುದಿ ಎಲ್ಲಿತ್ತೋ ಅದೇ ಸ್ಪಾಟ್. ಮೊಣಕಾಲು ಊರಿದ ಜಾಗಕ್ಕೂ ಇದಕ್ಕೂ ಎಷ್ಟೋ ಸಲ ಒಂದು ಗಜದ ಅಂತರ ಇರುತ್ತದೆ.

ಅಲ್ಲಿಂದ ಮುಂದೆ ಕಾಲಿನ ಕೆಲಸ. ಸೈಡ್‌ಲೈನಿನ ಮೇಲೆಯೇ ಚೆಂಡಿನ ನೇರಕ್ಕೆ ಬಂದು, ಅಲ್ಲಿ ಲಂಬವಾಗಿ ತಿರುಗಿ, ಅಡ್ಡಗೆರೆಗೆ ಸಮಾನಾಂತರವಾಗಿ ಒಳಗೆ ಬರಬೇಕು. ಇದನ್ನು ಸ್ಕ್ವೇರ್ ಆಗಿ ಬರುವುದು ಎನ್ನುತ್ತೇವೆ. ಓರೆಯಾಗಿ ಕೊಯ್ದುಕೊಂಡು ಬಂದರೆ ಎರಡು ನಷ್ಟ. ನಡೆಯುವಾಗಲೇ ಜಾಗ ಕೈತಪ್ಪುತ್ತದೆ. ಕೋಚ್‌ಗೆ, ಸ್ಟ್ಯಾಂಡಿನಲ್ಲಿ ಕೂತವರಿಗೆ ಅದು ಅಂದಾಜಿನಂತೆ ಕಾಣುತ್ತದೆ. ತಂಡ ಸಾಗುತ್ತಿರುವ ದಿಕ್ಕಿನ ಕಾಲನ್ನು ಚೆಂಡಿನ ಮುಂತುದಿಯ ನೇರಕ್ಕೆ ಊರಿ ನಿಲ್ಲಬೇಕು. ಒಮ್ಮೆ ಊರಿದ ಕಾಲನ್ನು ಸರಿಸಬಾರದು. ಅರ್ಧ ಅಡಿ ಹಿಂದೆ ಮುಂದೆ ಎಳೆದುಕೊಂಡ ಶೂ ಕೋಚ್‌ನ ಕಣ್ಣಿಗೆ ಬೀಳದೆ ಹೋಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಅವರು ನೋಡುತ್ತಿರುವುದು ಅದನ್ನೇ. ತಲೆ ಬಗ್ಗಿಸಿ ಕಾಲನ್ನು ನೋಡಿಕೊಳ್ಳುವ ಅಭ್ಯಾಸವೂ ಕೆಟ್ಟದ್ದು. ರಾಶಿ ಬಿದ್ದ ಹುಡುಗರು ಏಳುವಾಗಲೇ ತಳ್ಳಾಟ, ತಡವಾದ ಏಟು ಎಲ್ಲ ನಡೆಯುವುದು. ಕಾಲು ನೆಲದಲ್ಲಿರಲಿ, ಕಣ್ಣು ಆಟಗಾರರ ಮೇಲಿರಲಿ. ಚೆಂಡು ಕಣ್ಣಿಗೆ ಕಾಣದೆ ಸೀಟಿ ಊದಬಾರದು ಎಂಬುದಂತೂ ಮೊದಲ ದಿನವೇ ಕಲಿಸುವ ಪಾಠ. ಫಂಬಲ್ ಆಗಿ (ಕೈಯಿಂದ ಜಾರಿ) ಚೆಂಡು ಆಚೆ ಉರುಳಿರುವಾಗ ಊದಿದ ಸೀಟಿಯನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಎಲ್ಲ ಸ್ಪಾಟಿಗೂ ಒಂದೇ ಅವಸರ ಬೇಕಿಲ್ಲ. ಹತ್ತು ಗಜ ಸಾಗಲು ತಂಡಕ್ಕೆ ನಾಲ್ಕು ಪ್ರಯತ್ನ; ಒಂದೊಂದು ಪ್ರಯತ್ನವೂ ಒಂದು ಡೌನ್, ನಾಲ್ಕೂ ಸೇರಿ ಒಂದು ಸರಣಿ. ಹತ್ತು ಗಜ ಸಾಗಿದರೆ ಮತ್ತೆ ಫಸ್ಟ್ ಡೌನ್. ಸೆಕೆಂಡ್ ಡೌನಿನಲ್ಲಿ ಮಧ್ಯದಲ್ಲಿ ಮೂರು ಗಜ ಸಿಕ್ಕಿತು ಎಂದರೆ ಸೈಡ್‌ಲೈನಿನಿಂದ ನಾಲ್ಕೈದು ಗಜ ಒಳಗೆ ಬಂದು ನಿಂತು ತೋರಿಸಿದರೆ ಸಾಕು. ಫಸ್ಟ್ ಡೌನಿಗೆ ಬೇಕಾದ ಗೆರೆಯ ಹತ್ತಿರ ಚೆಂಡು ನಿಂತಿದ್ದರೆ ರಾಶಿಯ ತನಕ ಓಡಿ ಬರಬೇಕು, ಅಂಪೈರ್ ಚೆಂಡು ಇಡುವವರೆಗೆ ಅಲ್ಲೇ ಇರಬೇಕು.

ಇಬ್ಬರು ವಿಂಗ್‌ಗಳು ಎರಡು ಬೇರೆ ಸ್ಪಾಟ್ ಹಿಡಿದು ಬಂದರೆ ಕೋಚ್‌ಗಳ ನಂಬಿಕೆ ಕುಸಿಯುತ್ತದೆ. ಅದಕ್ಕೇ ಒಳಗೆ ಬರುವಾಗ ಮೊದಲ ಎರಡು ಹೆಜ್ಜೆಯಲ್ಲೇ ಎದುರಿನವರ ಕಡೆ ಒಮ್ಮೆ ನೋಡಿಬಿಡುತ್ತೇವೆ. ಚೆಂಡು ಯಾರ ಕಡೆಯ ಕೈಯಲ್ಲಿತ್ತೋ, ಯಾರಿಗೆ ಅದು ಮರೆಯಿಲ್ಲದೆ ಕಂಡಿತೋ, ಸ್ಪಾಟ್ ಅವರದು. ಇನ್ನೊಬ್ಬರು ಅವರ ಕಾಲಿಗೆ ತಮ್ಮ ಕಾಲು ಹೊಂದಿಸುತ್ತಾರೆ. ಓಡುವವನ ಬೆನ್ನು ನನ್ನ ಕಡೆಗಿದ್ದರೆ ನನಗೆ ಕಂಡದ್ದು ಬೆನ್ನು ಮಾತ್ರ. ಆಗ ಹಠ ಹಿಡಿಯುವುದರಲ್ಲಿ ಅರ್ಥವಿಲ್ಲ. ಪಂದ್ಯಕ್ಕೆ ಮುಂಚಿನ ಕ್ರೂ ಸಭೆಯಲ್ಲಿ ಈ ಒಂದು ವಿಷಯಕ್ಕೆ ಹತ್ತು ನಿಮಿಷ ಕೊಟ್ಟರೂ ಹೆಚ್ಚಲ್ಲ. 2025ರ ಜನವರಿ 26ರಂದು ನಡೆದ ಎನ್‌ಎಫ್‌ಎಲ್‌ನ ಬಫಲೋ ಬಿಲ್ಸ್ ಮತ್ತು ಕಾನ್ಸಾಸ್ ಸಿಟಿ ಚೀಫ್ಸ್ ಪಂದ್ಯವನ್ನು ನೋಡಿದವರಿಗೆ ನೆನಪಿರಬಹುದು. ನಾಲ್ಕನೇ ಕ್ವಾರ್ಟರಿನ ಆರಂಭದಲ್ಲಿ, ನಾಲ್ಕನೇ ಡೌನಿಗೆ, ಬಫಲೋದ ಜಾಶ್ ಅಲೆನ್ ರಾಶಿಯೊಳಗೆ ನುಗ್ಗಿದಾಗ ಎರಡು ಬದಿಯ ಅಧಿಕಾರಿಗಳು ಬೇರೆ ಬೇರೆ ಜಾಗಕ್ಕೆ ಬಂದಂತೆ ಟಿವಿಯಲ್ಲಿ ಕಂಡಿತು. ಎರಡರಲ್ಲಿ ಹಿಂದೆ ಇದ್ದ ಸ್ಪಾಟೇ ನಿಂತಿತು, ರೀಪ್ಲೇಯಲ್ಲೂ ಬದಲಾಗಲಿಲ್ಲ. ಚೀಫ್ಸ್ 32–29ರಿಂದ ಗೆದ್ದರು. ಆ ತೀರ್ಪು ಸರಿಯೋ ತಪ್ಪೋ ಎಂಬ ವಾದ ಬೇರೆ. ಇಬ್ಬರ ಕಾಲುಗಳು ಒಂದೇ ನೇರದಲ್ಲಿ ಇದ್ದಿದ್ದರೆ ವಾದ ಇಷ್ಟು ದೂರ ಹೋಗುತ್ತಿರಲಿಲ್ಲ.

ಫಾರ್ವರ್ಡ್ ಪ್ರೋಗ್ರೆಸ್ ಎಂಬುದರ ಸುತ್ತ ಸ್ಟ್ಯಾಂಡಿನಲ್ಲಿ ಹೆಚ್ಚು ಗೊಂದಲ. ಓಡುವವನನ್ನು ಎದುರಾಳಿಗಳು ಹಿಡಿದು ಮೂರು ಗಜ ಹಿಂದಕ್ಕೆ ತಳ್ಳಿಕೊಂಡು ಹೋಗಿ ಕೆಡವಿದರೆ ಸ್ಪಾಟ್ ಬಿದ್ದ ಜಾಗವಲ್ಲ, ಅವನ ಮುಂದುವರಿಕೆ ನಿಂತ ಜಾಗ. ಅವನಾಗಿಯೇ ತಪ್ಪಿಸಿಕೊಳ್ಳಲು ಹಿಂದೆ ಓಡಿ ಅಲ್ಲಿ ಸಿಕ್ಕಿಬಿದ್ದರೆ ಮಾತ್ರ ಆ ರಿಯಾಯಿತಿ ಇಲ್ಲ. ಗಾಳಿಯಲ್ಲಿ ಪಾಸ್ ಹಿಡಿದವನನ್ನು ನೆಲಕ್ಕೆ ಇಳಿಯುವ ಮೊದಲೇ ಹಿಂದಕ್ಕೆ ಹೊಡೆದರೆ, ಕ್ಯಾಚ್ ಮುಗಿಸಿದಲ್ಲಿ, ಹಿಡಿದ ಜಾಗಕ್ಕೇ ಸ್ಪಾಟ್. ಇಲ್ಲಿ ಸೀಟಿಯ ಹೊತ್ತು ಮುಖ್ಯ: ಮುಂದುವರಿಕೆ ನಿಂತಿದೆ ಎಂದು ಖಚಿತವಾದ ತಕ್ಷಣ ಊದದಿದ್ದರೆ ಇನ್ನೂ ಮೂರು ಜನ ಬಂದು ಡಿಕ್ಕಿ ಹೊಡೆಯುತ್ತಾರೆ, ಚೆಂಡು ಉದುರುತ್ತದೆ, ಆಮೇಲೆ ಎರಡೂ ಕೋಚ್‌ಗಳಿಗೆ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ.

ಓಡುವವನು ಸೈಡ್‌ಲೈನಿನಿಂದ ಆಚೆ ಹೋದಾಗ ಕಾಲು ಬಿದ್ದ ಜಾಗಕ್ಕೆ ಹೋಗುವುದು ಸಾಮಾನ್ಯ ತಪ್ಪು. ಚೆಂಡು ಸೈಡ್‌ಲೈನನ್ನು ಎಲ್ಲಿ ದಾಟಿತು ಎಂಬುದು ಲೆಕ್ಕ. ಗಾಳಿಯಲ್ಲಿ ಹಾರಿ 30ರ ಗೆರೆಯ ಹತ್ತಿರ ಬಿದ್ದವನ ಚೆಂಡು 32ರಲ್ಲೇ ಗೆರೆ ದಾಟಿರಬಹುದು. ಆ ಜಾಗದಲ್ಲಿ ಕಾಲಿಟ್ಟು, ಗಡಿಯಾರ ನಿಲ್ಲಿಸುವ ಸನ್ನೆ ಮಾಡಿ, ಬೆಂಚಿನ ಕಡೆ ಮುಖ ತಿರುಗಿಸಬೇಕು. ಚೆಂಡಿನ ಹಿಂದೆ ಹೋಗಬಾರದು, ಅದನ್ನು ಬಾಲ್ ಬಾಯ್ ತರುತ್ತಾನೆ. ಎದುರು ತಂಡದ ಬೆಂಚಿನೊಳಗೆ ಬಿದ್ದ ಆಟಗಾರನ ಸುತ್ತ ಗಲಾಟೆ ಶುರುವಾದರೆ ಗುರುತಿಗಾಗಿ ಸೊಂಟದಲ್ಲಿ ಇಟ್ಟುಕೊಂಡ ಪುಟ್ಟ ಬೀನ್‌ಬ್ಯಾಗನ್ನು ಸ್ಪಾಟಿನಲ್ಲಿ ಹಾಕಿ ಅಲ್ಲಿಗೆ ಹೋಗುತ್ತೇವೆ.

ಒಂದು ಸಣ್ಣ ಅಭ್ಯಾಸ ಬಹಳ ತಲೆನೋವು ತಪ್ಪಿಸುತ್ತದೆ. ಕಿಕ್ ರಿಟರ್ನ್ ಆದಮೇಲೆ, ಇಂಟರ್‌ಸೆಪ್ಶನ್ (ಪಾಸನ್ನು ಎದುರಾಳಿ ಹಿಡಿಯುವುದು) ಆದಮೇಲೆ, ಹೊಸ ಸರಣಿ ಶುರುವಾಗುವಾಗ ಚೆಂಡಿನ ಮುಂತುದಿಯನ್ನು ಆದಷ್ಟೂ ಪೂರ್ತಿ ಗಜದ ಗುರುತಿನ ಮೇಲೇ ಇಡುವುದು. 27ರಲ್ಲಿ ಸರಿಯಾಗಿ ಶುರುವಾದರೆ ಮುಟ್ಟಬೇಕಾದದ್ದು 37. ಗುರುತು ಕಣ್ಣೆದುರೇ ಇರುವುದರಿಂದ ಮೂರು ಪ್ಲೇ ಆದಮೇಲೆ ಹತ್ತು ಗಜ ಅಳೆಯುವ ಚೈನ್ ತರಿಸಿ ಅಳೆಯುವ ಪ್ರಸಂಗವೇ ಹೆಚ್ಚಾಗಿ ಬರುವುದಿಲ್ಲ. ಗೋಲ್ ಲೈನಿನ ಹತ್ತಿರ ಮತ್ತು ನಾಲ್ಕನೇ ಡೌನ್ ವಿಫಲವಾಗಿ ಚೆಂಡು ಕೈ ಬದಲಾದಾಗ ಮಾತ್ರ ಈ ಹೊಂದಾಣಿಕೆ ಇಲ್ಲ. ಅಲ್ಲಿ ನಿಂತಲ್ಲೇ ನಿಲ್ಲಬೇಕು.

ಚೈನ್ ನೋಡಿಕೊಳ್ಳುವುದು ಲೈನ್ಸ್‌ಮನ್. ಸಾಮಾನ್ಯವಾಗಿ ಅದು ಪ್ರೆಸ್ ಬಾಕ್ಸಿಗೆ ಎದುರಿನ ಸೈಡ್‌ಲೈನಿನಲ್ಲಿ ಇರುತ್ತದೆ. ಚೈನ್ ಹಿಡಿಯುವವರು ಆತಿಥೇಯ ಶಾಲೆಯ ಕಡೆಯವರು, ಹಲವು ಸಲ ಆಟಗಾರರ ಅಪ್ಪಂದಿರೇ. ಪಂದ್ಯಕ್ಕೆ ಮುಂಚೆ ಅವರನ್ನು ಕಂಡು, ಕೈಕುಲುಕಿ, ಮೂರು ಮಾತು ಸ್ಪಷ್ಟವಾಗಿ ಹೇಳಬೇಕು. ನಾನು ಕೈ ಮಾಡುವ ತನಕ ಯಾರೂ ಕದಲಬೇಡಿ. ಪ್ಲೇ ನಿಮ್ಮ ಮೇಲೆ ಬಂದರೆ ಕಂಬ ಬಿಟ್ಟು ಹಿಂದೆ ಸರಿಯಿರಿ, ಜಾಗ ನಾನು ನೋಡಿಕೊಳ್ಳುತ್ತೇನೆ. ಕೈಯಲ್ಲಿ ಚೈನ್ ಇರುವಷ್ಟು ಹೊತ್ತು ನಿಮಗೆ ಯಾವ ತಂಡವೂ ಇಲ್ಲ. ಹೊಸ ಸರಣಿ ಶುರುವಾದಾಗ ಲೈನ್ಸ್‌ಮನ್ ಸೈಡ್‌ಲೈನಿನಲ್ಲಿ ಹಿಮ್ಮಡಿ ಊರಿ ತೋರಿಸಿದ ನೇರಕ್ಕೆ ಹಿಂದಿನ ಕಂಬ ಬರುತ್ತದೆ, ಹತ್ತು ಗಜದ ಚೈನ್ ಬಿಗಿಯಾಗಿ ಎಳೆದಲ್ಲಿ ಮುಂದಿನ ಕಂಬ. ಆಮೇಲೆ ಹಿಂದಿನ ಕಂಬಕ್ಕೆ ಹತ್ತಿರದ ಐದು ಗಜದ ಗೆರೆಯ ಮೇಲೆ ಚೈನಿಗೆ ಕ್ಲಿಪ್ ಸಿಕ್ಕಿಸಬೇಕು. ಕ್ಲಿಪ್ ಹಾಕಿದ್ದನ್ನು ಕಣ್ಣಾರೆ ನೋಡದೆ ಲೈನ್ಸ್‌ಮನ್ ತಿರುಗಿಕೊಳ್ಳಬಾರದು. ಅಳತೆಗೆ ಚೈನನ್ನು ಒಳಗೆ ತರುವಾಗ ಹಿಡಿದುಕೊಳ್ಳುವುದು ಕ್ಲಿಪ್ಪನ್ನೇ. ಲೈನ್ ಜಡ್ಜ್ ಅದೇ ಗೆರೆಯ ಮೇಲೆ ಚೆಂಡಿನ ನೇರಕ್ಕೆ ಜಾಗ ತೋರಿಸುತ್ತಾನೆ, ಕ್ಲಿಪ್ ಅಲ್ಲಿ ಕೂರುತ್ತದೆ, ಮುಂದಿನ ಕಂಬ ಎಳೆದಾಗ ಉತ್ತರ ಸಿಗುತ್ತದೆ. ಕ್ಲಿಪ್ ಇಲ್ಲದಿದ್ದರೆ ಅಳತೆಗೆ ಆಧಾರವೇ ಇಲ್ಲ. ಹ್ಯಾಶಿನಿಂದ ಹೊರಗೆ ಅಳೆದು ಚೆಂಡು ಕಡಿಮೆ ಬಿದ್ದಿದ್ದರೆ ಚೈನನ್ನು ಹಾಗೇ ಹಿಡಿದು ಹ್ಯಾಶಿಗೆ ತಂದು ಅದರ ಲೆಕ್ಕದಲ್ಲೇ ಚೆಂಡು ಇಡಬೇಕು. ಕಣ್ಣಂದಾಜಿನಲ್ಲಿ ಒಯ್ದು ಇಟ್ಟರೆ ಅಳೆದ ಶ್ರಮವೆಲ್ಲ ವ್ಯರ್ಥ.

ಎನ್‌ಎಫ್‌ಎಲ್ 2025ರಿಂದ ಫಸ್ಟ್ ಡೌನ್ ಅಳತೆಯನ್ನು ಹಾಕ್-ಐ ಕ್ಯಾಮೆರಾಗಳಿಗೆ ಒಪ್ಪಿಸಿದೆ. ಆದರೆ ಅವು ಅಳೆಯುವುದು ಅಧಿಕಾರಿ ಇಟ್ಟ ಚೆಂಡಿನಿಂದ. ಚೆಂಡು ಎಲ್ಲಿ ನಿಂತಿತು ಎಂಬುದನ್ನು ಇನ್ನೂ ಒಬ್ಬರ ಕಾಲು ಹೇಳಬೇಕು.

ಡೌನಿನ ಎಣಿಕೆಗೆ ಮಣಿಕಟ್ಟಿನಿಂದ ಬೆರಳಿಗೆ ಸಿಕ್ಕಿಸುವ ಎಲಾಸ್ಟಿಕ್ ಬ್ಯಾಂಡ್ ಇದೆ: ಫಸ್ಟ್ ಡೌನಿಗೆ ತೋರುಬೆರಳು, ಸೆಕೆಂಡಿಗೆ ನಡುಬೆರಳು, ಹೀಗೆ. ಹಿಂದಿನ ಪ್ಲೇಯಲ್ಲಿ ಪೆನಾಲ್ಟಿ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಬ್ಯಾಂಡ್ ಬದಲಿಸಬೇಕು, ಸೈಡ್‌ಲೈನಿನಲ್ಲಿ ಡೌನ್ ಎಷ್ಟನೆಯದೆಂದು ತೋರಿಸುವ ಬಾಕ್ಸಿನ ಅಂಕಿಯೂ ಆಗಲೇ ತಿರುಗಬೇಕು. ಇದು ತೀರಾ ಚಿಕ್ಕ ವಿಷಯ ಎನಿಸಿದರೆ 1990ರ ಅಕ್ಟೋಬರ್ 6ರ ಕೊಲೊರಾಡೊ–ಮಿಸೂರಿ ಕಾಲೇಜು ಪಂದ್ಯವನ್ನು ನೆನೆಯಬೇಕು. ಕೊನೆಯ ಗಳಿಗೆಯಲ್ಲಿ ಡೌನ್ ಬಾಕ್ಸಿನ ಅಂಕಿ ಬದಲಾಗದೆ ಉಳಿದು, ಇಡೀ ಕ್ರೂ ಅದನ್ನು ಗಮನಿಸದೆ, ಕೊಲೊರಾಡೊಗೆ ಐದನೇ ಡೌನ್ ಸಿಕ್ಕಿತು. ಅದರಲ್ಲೇ ಟಚ್‌ಡೌನ್ ಆಗಿ (ಚೆಂಡು ಗೋಲ್ ಲೈನ್ ತಲುಪಿ) 33–31ರಿಂದ ಗೆದ್ದರು.

ಇನ್ನು ಕೋಚ್ ಜೊತೆಗಿನ ಮಾತು. ಪಂದ್ಯಕ್ಕೆ ಮುಂಚೆ ಪರಿಚಯ ಮಾಡಿಕೊಂಡು, ಸೈಡ್‌ಲೈನಿನಲ್ಲಿ ತಂಡವನ್ನು ಹಿಂದೆ ಹಿಡಿಯುವ ಸಹಾಯಕ ಯಾರು ಎಂದು ಕೇಳಿಟ್ಟುಕೊಳ್ಳುತ್ತೇವೆ. ಹೈಸ್ಕೂಲ್ ನಿಯಮದಲ್ಲಿ ತಂಡ ನಿಲ್ಲಬೇಕಾದ ಜಾಗ, ಟೀಮ್ ಬಾಕ್ಸ್, ಎರಡು 25ರ ಗೆರೆಗಳ ನಡುವೆ. ಸೈಡ್‌ಲೈನಿಗೆ ತಾಗಿದ ಎರಡು ಗಜದ ಪಟ್ಟಿಯಲ್ಲಿ ಚೆಂಡು ಆಟದಲ್ಲಿ ಇಲ್ಲದಾಗ ಮೂವರು ಕೋಚ್‌ಗಳು ಬರಬಹುದು, ಸ್ನ್ಯಾಪ್ ಆಗುವ ಹೊತ್ತಿಗೆ ಹಿಂದೆ ಸರಿದಿರಬೇಕು. ಆ ಪಟ್ಟಿ ನಾವು ಓಡುವ ದಾರಿ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 5 ಗಜ, ಆಮೇಲೆ 15 ಗಜ ದಂಡ. ಎಚ್ಚರಿಕೆಯ ಮುಂಚೆಯೂ ಆ ಸಹಾಯಕನಿಗೆ ಒಂದೆರಡು ಸಲ ಮೆಲ್ಲಗೆ ಹೇಳಿದರೆ ಬಹುಪಾಲು ಸಂಜೆಗಳಲ್ಲಿ ದಂಡದ ಮಾತೇ ಬರುವುದಿಲ್ಲ.

ಮೊದಲ ಕ್ವಾರ್ಟರಿನಲ್ಲಿ ಉಪಯೋಗಕ್ಕೆ ಬರುವ ಮಾಹಿತಿ ಕೊಡುವುದು ನಂಬಿಕೆಗೆ ದೊಡ್ಡ ದಾರಿ. "ಕೋಚ್, ನಿಮ್ಮ 74ನೇ ನಂಬರಿನವನು ಸ್ವಲ್ಪ ಹಿಂದೆ ನಿಲ್ಲುತ್ತಿದ್ದಾನೆ, ಗೆರೆಗೆ ತಂದುಬಿಡಿ" ಎಂದು ಒಮ್ಮೆ ಹೇಳಿ, ಅದೇ ಮತ್ತೆ ನಡೆದು ಫ್ಲ್ಯಾಗ್ ಬಿದ್ದರೆ ಕೋಚ್ ಸಿಟ್ಟು ಮಾಡಿಕೊಳ್ಳುವುದು 74ರ ಮೇಲೆ. ಫೌಲ್ ಆದಾಗ ಸಂಖ್ಯೆ ಮತ್ತು ಕೃತ್ಯ ಎರಡನ್ನೂ ಹೇಳಬೇಕು. "72, ಹೋಲ್ಡಿಂಗ್" ಎಂದರೆ ಅರ್ಧ ಉತ್ತರ. "72, ಭುಜದ ಹತ್ತಿರ ಜರ್ಸಿ ಹಿಡಿದು ತಿರುಗಿಸಿದ, ಓಡುವವನು ಆ ಕಡೆಯಿಂದಲೇ ಹೋದ" ಎಂದರೆ ಅವರು ಹುಡುಗನಿಗೆ ಕಲಿಸಲು ಏನೋ ಸಿಕ್ಕಿತು.

ಸ್ಪಾಟಿನ ಬಗ್ಗೆ ಕೂಗು ಬಂದಾಗ ಅದು ಪ್ರಶ್ನೆಯೋ ಹೇಳಿಕೆಯೋ ಎಂದು ಮೊದಲು ನೋಡುತ್ತೇವೆ. "ಅನ್ಯಾಯ!" ಎಂಬುದಕ್ಕೆ ಉತ್ತರ ಬೇಕಿಲ್ಲ, ಸುಮ್ಮನಿದ್ದರೆ ಅದು ತಾನಾಗಿ ತಣಿಯುತ್ತದೆ. "ಅದು ಹೇಗೆ ಕಡಿಮೆ ಬಿತ್ತು?" ಎಂದು ಕೇಳಿದರೆ ಉತ್ತರ ಕೊಡಲೇಬೇಕು, ಚಿಕ್ಕದಾಗಿ: "ಮೊಣಕಾಲು ನೆಲ ಮುಟ್ಟಿದಾಗ ಚೆಂಡು 41ರಲ್ಲಿತ್ತು ಕೋಚ್, ಆಮೇಲೆ ಅದನ್ನು ಮುಂದೆ ಚಾಚಿದ." ಅವರ ಪಕ್ಕಕ್ಕೆ, ಮೈದಾನಕ್ಕೆ ಮುಖ ಮಾಡಿ ನಿಂತು ಹೇಳಬೇಕು. ಎದುರು ಬದುರು ನಿಂತರೆ ಸ್ಟ್ಯಾಂಡಿಗೆ ಜಗಳದಂತೆ ಕಾಣುತ್ತದೆ, ಕೋಚ್ ಕೂಡ ತನ್ನ ಹುಡುಗರೆದುರು ಸೋಲಬಾರದು ಎಂಬ ಇಕ್ಕಟ್ಟಿಗೆ ಬೀಳುತ್ತಾರೆ. ಕಾಣದೆ ಹೋದದ್ದಕ್ಕೆ "ನನಗೆ ಕಾಣಲಿಲ್ಲ ಕೋಚ್, ಎದುರಿನವರಿಗೆ ಚೆಂಡು ಕಂಡಿತು, ಅವರ ಸ್ಪಾಟ್ ತೆಗೆದುಕೊಂಡೆ" ಎನ್ನುವುದೇ ಸರಿ. ಕಾಣದ್ದನ್ನು ಕಂಡೆ ಎಂದು ಹೇಳಿದರೆ ಮರುದಿನ ಬೆಳಗ್ಗೆ ವಿಡಿಯೋದಲ್ಲಿ ಗೊತ್ತಾಗುತ್ತದೆ. ಈಗ ಬಹಳಷ್ಟು ಶಾಲೆಗಳು ಪಂದ್ಯವನ್ನು ಮೇಲಿನಿಂದ ಚಿತ್ರೀಕರಿಸುತ್ತವೆ. ಇನ್ನೊಬ್ಬ ಅಧಿಕಾರಿಯ ತೀರ್ಪನ್ನು ಕೇಳಿದಾಗ "ಅದು ನನ್ನದಲ್ಲ" ಎಂದು ಕೈ ಝಾಡಿಸಬಾರದು. "ಕೇಳಿ ಹೇಳುತ್ತೇನೆ" ಎಂದು ಹೇಳಿ, ಮುಂದಿನ ಟೈಮ್‌ಔಟಿನಲ್ಲಿ ನಿಜವಾಗಿಯೂ ಕೇಳಿ ಬಂದು ಹೇಳಬೇಕು. ಹೇಳಿ ಮರೆತರೆ ಆ ಕೋಚ್ ಮತ್ತೆ ಕೇಳುವುದಿಲ್ಲ, ಕೂಗುತ್ತಾರೆ.

ಸಲಿಗೆಗೂ ಮಿತಿ ಬೇಕು. ಒಳ್ಳೆಯ ಪ್ಲೇ ಆದಾಗ ಶಭಾಷ್ ಎನ್ನುವುದು, ಎದುರು ತಂಡದ ಬಗ್ಗೆ ಮಾತಾಡುವುದು, ಕೋಚ್‌ನ ಹೆಗಲ ಮೇಲೆ ಕೈ ಹಾಕುವುದು, ಇವು ಎದುರು ಸೈಡ್‌ಲೈನಿನಿಂದ ಸ್ಪಷ್ಟವಾಗಿ ಕಾಣುತ್ತವೆ. ಬೈಗುಳ ವೈಯಕ್ತಿಕವಾದರೆ, ಅಥವಾ ಕೈಬೀಸಿ ಇಡೀ ಸ್ಟ್ಯಾಂಡನ್ನು ಎಬ್ಬಿಸುವಂತಿದ್ದರೆ ಫ್ಲ್ಯಾಗ್ ಎಸೆಯುವುದೇ ಉತ್ತರ. ಅದಕ್ಕೆ ಮುಂಚೆ ಬೆದರಿಕೆ ಹಾಕುವುದರಿಂದ ಏನೂ ಸಿಗುವುದಿಲ್ಲ.

ಗೋಲ್ ಲೈನಿನ ಹತ್ತಿರದ ಸ್ಪಾಟ್‌ಗೆ ಬೇರೆಯೇ ಕ್ರಮವಿದೆ. ಸ್ನ್ಯಾಪ್ 5ರ ಗೆರೆಯ ಒಳಗಿದ್ದರೆ ವಿಂಗ್ ತಕ್ಷಣ ಗೋಲ್ ಲೈನಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ನೋಡುತ್ತಾ ಕೆಲಸ ಮಾಡಬೇಕು. ಚೆಂಡಿನ ತುದಿ ಗೋಲ್ ಲೈನಿನ ಅಂಚನ್ನು ಗಾಳಿಯಲ್ಲಿ ತಾಗಿದರೂ ಟಚ್‌ಡೌನ್. ಒಬ್ಬ ವಿಂಗ್ ಕೈ ಎತ್ತಿದ ಮಾತ್ರಕ್ಕೆ ಎದುರಿನವರು ಕೈ ಎತ್ತಬಾರದು. ತಮಗೂ ಚೆಂಡು ಕಂಡಿದ್ದರೆ ಮಾತ್ರ ಎತ್ತಬೇಕು. ಕಾಣದಿದ್ದರೆ ಸನ್ನೆಯಿಲ್ಲದೆ ಒಳಗೆ ಬಂದು, ರಾಶಿ ಬಿಡಿಸಿ, ಚೆಂಡು ಯಾರ ಕೈಯಲ್ಲಿದೆ ಎಂದು ಹುಡುಕುವುದು.

ಇದೆಲ್ಲ ಮೈಗೂಡಬೇಕಾದರೆ ಶನಿವಾರ ಬೆಳಗಿನ ಜೂನಿಯರ್ ಪಂದ್ಯಗಳೇ ಒಳ್ಳೆಯ ಜಾಗ. ವಿಡಿಯೋ ಸಿಕ್ಕರೆ ಮೊಣಕಾಲು ನೆಲ ಮುಟ್ಟಿದ ಫ್ರೇಮಿನಲ್ಲಿ ನಿಲ್ಲಿಸಿ, ಚೆಂಡಿನ ತುದಿಗೂ ಆಮೇಲೆ ನಮ್ಮ ಕಾಲು ಊರಿದ ಜಾಗಕ್ಕೂ ಇರುವ ಅಂತರ ನೋಡುತ್ತೇವೆ. ಹೊಸಬರಲ್ಲಿ ಈ ಅಂತರ ಸಾಮಾನ್ಯವಾಗಿ ಮುಂದಿನ ಕಡೆಗೇ ಇರುತ್ತದೆ, ಏಕೆಂದರೆ ಬಿದ್ದ ಹುಡುಗ ಜಾರಿದಂತೆ ಕಣ್ಣೂ ಜಾರುತ್ತದೆ. ಅದಕ್ಕೆ ಪರಿಹಾರ, ಮೊಣಕಾಲು ಊರಿದ ಕ್ಷಣದಲ್ಲಿ ಚೆಂಡಿನ ಆಚೆ ಇರುವ ಒಂದು ಸ್ಥಿರ ಗುರುತನ್ನು ಹಿಡಿದುಕೊಳ್ಳುವುದು: ನೆಲದ ಹ್ಯಾಶ್ ಗುರುತು, ಎದುರಿನ ಸೈಡ್‌ಲೈನಿನ ಕಂಬ, ಏನಾದರೂ ಸರಿ. ರಾಶಿ ಎಷ್ಟೇ ಜಾರಲಿ, ನಡೆದು ಬರುವುದು ಆ ಗುರುತಿನ ನೇರಕ್ಕೆ.